ಡಬಲ್ ಐಪಿಎ ರುಚಿ ಕೆಟ್ಟಿದೆಯಾ? ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಒಂದೇ ಬ್ರೂವರಿ, ಒಂದೇ ಲೇಬಲ್, ಶೇ. 8.5 ಆಲ್ಕೋಹಾಲ್. ಎರಡು ಕ್ಯಾನ್ ಡಬಲ್ ಐಪಿಎ, ಅಂದರೆ ಹಾಪ್ಸ್ ಎಂಬ ಕಹಿ, ಘಮದ ಹೂವನ್ನೂ ಆಲ್ಕೋಹಾಲನ್ನೂ ಏರಿಸಿ ಮಾಡಿದ ಬಿಯರ್. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಎರಡು ಗ್ಲಾಸ್ ಇಟ್ಟು ಸುರಿದೆ. ಮೊದಲನೆಯದರಲ್ಲಿ ಚಕ್ಕೋತದ ಸಿಪ್ಪೆ ಸುಲಿದಾಗ ಬರುವ ಘಮ. ಅದರ ಹಿಂದೆಯೇ ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ವಾಸನೆ. ಎರಡನೆಯದರಲ್ಲಿ ಜೋನಿಬೆಲ್ಲ, ಸ್ವಲ್ಪ ಜೇನು, ಕೊನೆಗೆ ಒಣ ಕಹಿ. ಅಷ್ಟೇ.

ಮೈಸೂರಿನಿಂದ ಬಂದಿದ್ದ ಭಾವ ಎರಡನ್ನೂ ಒಂದೊಂದು ಗುಟುಕು ಕುಡಿದರು. "ಮೊದಲನೇದು ಬೇವಿನ ಕಷಾಯ ಇದ್ದ ಹಾಗಿದೆ ಕಣಪ್ಪಾ, ಕೆಟ್ಟುಹೋಗಿದೆ ಅನ್ಸುತ್ತೆ. ಎರಡನೇದು ಪರವಾಗಿಲ್ಲ, ಸಿಹಿಯಾಗಿದೆ" ಅಂದರು.

"ಇಲ್ಲ ಭಾವ, ಕೆಟ್ಟಿರೋದು ಎರಡನೇದು" ಅಂದೆ. ಮೊದಲನೆಯದು ಪ್ಯಾಕ್ ಆಗಿ ಮೂರು ವಾರ ಆಗಿತ್ತು, ಅಷ್ಟು ದಿನವೂ ಫ್ರಿಜ್ಜಿನಲ್ಲಿತ್ತು. ಎರಡನೆಯದು ನಾಲ್ಕು ತಿಂಗಳು ಹಳೆಯದು. ಒಂದು ಅಂಗಡಿಯ ಬೆಚ್ಚಗಿನ ಶೆಲ್ಫಿನಿಂದ ದಿನಾಂಕ ನೋಡದೆ ತಂದಿದ್ದೆ.

ಕಹಿ ಇದ್ದರೆ ದೋಷ, ಸಿಹಿ ಇದ್ದರೆ ಸರಿ ಅಂತ ಭಾವನ ಹಾಗೆ ಅಂದುಕೊಳ್ಳುವವರು ತುಂಬಾ ಜನ. ಈ ಬಗೆಯ ಬಿಯರ್‌ನಲ್ಲಿ ಅದು ಸಾಮಾನ್ಯವಾಗಿ ಉಲ್ಟಾ. ಇಲ್ಲಿ ದೋಷ ಹುಡುಕುವಾಗ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇರಬೇಕಾದ್ದು ಇಲ್ಲವಾ? ಇರಬಾರದ್ದು ಇದೆಯಾ? ಜನ ಎರಡನೆಯದನ್ನೇ ಮೊದಲು ಕೇಳುತ್ತಾರೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸಲ ಉತ್ತರ ಸಿಕ್ಕಿರುವುದು ಮೊದಲನೆಯದರಲ್ಲಿ.

ಸರಿಯಾಗಿದ್ದರೆ ಹೇಗಿರುತ್ತದೆ

ಬಿಯರ್ ಸ್ಪರ್ಧೆಯ ತೀರ್ಪುಗಾರರು ಬಳಸುವ ಬಿಜೆಸಿಪಿ ಕೈಪಿಡಿ ಡಬಲ್ ಐಪಿಎಗೆ ಶೇ. 7.5ರಿಂದ 10 ಆಲ್ಕೋಹಾಲ್, ಕಹಿ ಅಳೆಯುವ ಐಬಿಯು ಲೆಕ್ಕದಲ್ಲಿ 60ರಿಂದ 100 ಅಂತ ಅಳತೆ ಕೊಡುತ್ತದೆ. ಕರ್ನಾಟಕದ ನಮ್ಮೂರ ಅಂಗಡಿಯ ಸ್ಟ್ರಾಂಗ್ ಬಿಯರ್ ಕೂಡ ಶೇ. 8ರ ಹತ್ತಿರ ಹೋಗುತ್ತದೆ. ಆದರೆ ಅದರಲ್ಲಿ ಹಾಪ್ಸ್ ತೀರಾ ಕಡಿಮೆ, ಸಿಹಿ ಮತ್ತು ಆಲ್ಕೋಹಾಲ್ ಮುಂದೆ ನಿಲ್ಲುತ್ತವೆ. ಆ ನಾಲಿಗೆಯನ್ನೇ ಇಟ್ಟುಕೊಂಡು ಡಬಲ್ ಐಪಿಎ ಅಳೆಯಲು ಹೋದರೆ ಎಲ್ಲವೂ ದೋಷವೇ.

ಈ ಬಿಯರ್ ಹುಟ್ಟಿದ ಕಥೆ ದೋಷ ಹುಡುಕುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. 1994ರಲ್ಲಿ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾ ಊರಿನ ಬ್ಲೈಂಡ್ ಪಿಗ್ ಬ್ರೂವರಿಯಲ್ಲಿ ವಿನ್ನಿ ಸಿಲುರ್ಜೊ ಇದನ್ನು ಮಾಡಿದರು. ಅವರ ಸಲಕರಣೆ ಹಳೆಯದು, ಒರಟು. ಅದರಿಂದ ಕೆಟ್ಟ ರುಚಿ ಬಂದರೆ ಮುಚ್ಚಿಹೋಗಲಿ ಅಂತಲೇ ಹಾಪ್ಸ್ ಜಾಸ್ತಿ ಸುರಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಇಂಗು, ಬೆಳ್ಳುಳ್ಳಿ ಒಗ್ಗರಣೆ ಜೋರಾಗಿ ಕೊಟ್ಟರೆ ನಿನ್ನೆಯ ಸಾರೂ ಇವತ್ತಿನದರ ಹಾಗೇ ಅನ್ನಿಸುತ್ತದಲ್ವಾ, ಹಾಗೆ.

ಹಾಪ್ಸ್ ಮುಚ್ಚುತ್ತದೆ. ಆದರೆ ಬಿಯರ್‌ನಿಂದ ಎಲ್ಲಕ್ಕಿಂತ ಮೊದಲು ಹೊರಟುಹೋಗುವುದೂ ಹಾಪ್ಸಿನ ಘಮವೇ. ಅದು ಹೋದ ಮೇಲೆ ಅಡಿಯಲ್ಲಿದ್ದದ್ದೆಲ್ಲ ಬಯಲಿಗೆ ಬರುತ್ತದೆ. ತಾಜಾ ಇದ್ದಾಗ ಗೊತ್ತಾಗದ ಬೆಣ್ಣೆ, ಗಂಟಲು ಸುಡುವ ಆಲ್ಕೋಹಾಲ್, ಕ್ಯಾರಮೆಲ್ ಸಿಹಿ ಎಲ್ಲ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಸಿಲುರ್ಜೊ ಮುಂದೆ ರಷ್ಯನ್ ರಿವರ್ ಬ್ರೂವರಿಯಲ್ಲಿ ಮಾಡಿದ ಪ್ಲೈನಿ ದಿ ಎಲ್ಡರ್ ಬಾಟಲಿಯ ಲೇಬಲ್ ಮೇಲೆ, ಇಟ್ಟು ಹಳೆಯದು ಮಾಡಬೇಡಿ, ತಾಜಾ ಇದ್ದಾಗಲೇ ಕುಡಿಯಿರಿ ಅಂತ ಬರೆದಿರುತ್ತದೆ. ಸ್ಟೋನ್ ಬ್ರೂವರಿಯವರು 2012ರಿಂದ ಬಿಯರ್‌ನ ಹೆಸರಿನಲ್ಲೇ 'ಇಂಥ ದಿನದೊಳಗೆ ಕುಡಿಯಿರಿ' ಅಂತ ದಿನಾಂಕ ಇಟ್ಟು ಮಾರಿದರು. ಶೇ. 9.4ರ ಆ ಬಿಯರ್‌ಗೆ ಅವರು ಕೊಟ್ಟ ಆಯಸ್ಸು ಸುಮಾರು ಐದು ವಾರ.

ಬಿಯರ್ ಬಯ್ಯುವ ಮೊದಲು ಬಾಯಿ, ಗ್ಲಾಸ್, ತಂಪು

ತಪ್ಪು ಹುಡುಕುವಾಗ ನಾನು ಯಾವಾಗಲೂ ಹಿಂದಕ್ಕೆ ನಡೆಯುತ್ತೇನೆ. ಮೊದಲು ನನ್ನ ಬಾಯಿ, ಆಮೇಲೆ ಗ್ಲಾಸ್, ಆಮೇಲೆ ಕ್ಯಾನ್ ಅಥವಾ ನಲ್ಲಿ, ಕೊನೆಗೆ ಬ್ರೂವರಿ. ಮನೆಯಲ್ಲಿ ಕರೆಂಟ್ ಹೋದರೆ ಮೊದಲು ಫ್ಯೂಸ್ ನೋಡುತ್ತೇವೆ, ಆಮೇಲೆ ಬೀದಿಯ ಟ್ರಾನ್ಸ್‌ಫಾರ್ಮರ್ ಕಡೆ ಹೋಗುತ್ತೇವೆ. ಅದೇ ಕ್ರಮ.

ಮಿರ್ಚಿ ಬಜ್ಜಿ ತಿಂದು ಗುಟುಕು ಕುಡಿದರೆ ಕಹಿಯೂ ಖಾರವೂ ಸೇರಿ ಎರಡೂ ದುಪ್ಪಟ್ಟಾಗುತ್ತವೆ. ಫಿಲ್ಟರ್ ಕಾಫಿ ಕುಡಿದ ಬಾಯಿಗೂ ಇದು ಸರಿಯಾಗಿ ಗೊತ್ತಾಗುವುದಿಲ್ಲ. ಮೂರನೇ ಗ್ಲಾಸ್ ಹೊತ್ತಿಗೆ ನಾಲಿಗೆ ಕಹಿಗೆ ಮರಗಟ್ಟಿರುತ್ತದೆ. ಒಂದು ತುಂಡು ಬ್ರೆಡ್ ತಿಂದು, ನೀರು ಕುಡಿದು, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಪರೀಕ್ಷೆಗೆ 60 ಮಿಲಿ ಸಾಕು. ಶೇ. 9ರ 473 ಮಿಲಿ ಕ್ಯಾನ್ ಅಂದರೆ ಆಲ್ಕೋಹಾಲ್ ಲೆಕ್ಕದಲ್ಲಿ ಮೂರು ಸ್ಮಾಲ್ ಪೆಗ್ ವಿಸ್ಕಿಗಿಂತ ಜಾಸ್ತಿ. ಪೂರ್ತಿ ಕ್ಯಾನ್ ಮುಗಿಸಿದವರ ತೀರ್ಪನ್ನು ನಾನು ನಂಬುವುದಿಲ್ಲ. ಗಾಡಿ ಓಡಿಸುವುದಂತೂ ಬೇಡವೇ ಬೇಡ.

ಗ್ಲಾಸ್ ಪರೀಕ್ಷೆ ಸುಲಭ. ತೊಳೆದ ಗ್ಲಾಸನ್ನು ಒದ್ದೆ ಮಾಡಿ ಬೋರಲು ಹಿಡಿಯಿರಿ. ನೀರು ತೆಳುವಾಗಿ ಸಮನಾಗಿ ಇಳಿದರೆ ಶುಚಿ. ಹನಿಹನಿಯಾಗಿ ನಿಂತರೆ ಜಿಡ್ಡಿದೆ. ಬಿಯರ್ ಸುರಿದ ಮೇಲೆ ಗ್ಲಾಸಿನ ಒಳಗೋಡೆಗೆ ಗುಳ್ಳೆ ಅಂಟಿಕೊಂಡು ಕೂತರೂ ಅದೇ ಅರ್ಥ. ಹಾಲು, ಮಜ್ಜಿಗೆ ಕುಡಿದ ಲೋಟ ಸರಿಯಾಗಿ ತೊಳೆಯದಿದ್ದರೆ ನೊರೆ ಕಣ್ಣೆದುರೇ ಬಿದ್ದುಹೋಗುತ್ತದೆ. ನೊರೆ ಇಲ್ಲದಿದ್ದರೆ ಘಮವೂ ಅರ್ಧ.

ಆಮೇಲೆ ತಂಪು. ನಮ್ಮ ಜನಕ್ಕೆ ಬಿಯರ್ ಅಂದರೆ ಹಲ್ಲು ಜುಮ್ಮೆನ್ನುವಷ್ಟು ಚಿಲ್ಡ್ ಇರಬೇಕು. 3 ಡಿಗ್ರಿಯಲ್ಲಿ ಹಾಪ್ಸಿನ ಘಮ ಮೇಲೇಳುವುದೇ ಇಲ್ಲ, ಉಳಿಯುವುದು ಕಹಿ ಮಾತ್ರ. "ಘಮವೇ ಇಲ್ಲ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ಐದಾರು ನಿಮಿಷ ಕೂರಲು ಹೇಳುತ್ತೇನೆ. 8ರಿಂದ 12 ಡಿಗ್ರಿಗೆ ಬಂದಾಗ ಅದೇ ಬಿಯರ್ ಬೇರೆಯೇ ಆಗಿರುತ್ತದೆ. ದೋಷವಿದ್ದರೆ ಅದೂ ಆಗಲೇ ಬಾಯಿ ಬಿಡುತ್ತದೆ.

ಗುಟುಕು ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ರುಚಿ ಅಂತ ನಾವು ಕರೆಯುವುದರ ಬಹುಪಾಲು ಆ ಉಸಿರಿನಲ್ಲೇ ಇದೆ.

ಘಮ ಇಲ್ಲ, ಸಿಹಿ ಜಾಸ್ತಿ, ಬಣ್ಣ ಗಾಢ

ಇದು ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ. ಭಾವನಿಗೆ ಇಷ್ಟವಾದ ಎರಡನೇ ಕ್ಯಾನಿನ ಕಾಯಿಲೆ ಇದೇ. ಕಾರಣ ಗಾಳಿ ಮತ್ತು ಬಿಸಿ.

ಆಮ್ಲಜನಕ ಮೊದಲು ಹಾಪ್ಸಿನ ಹಣ್ಣಿನ ಘಮವನ್ನು ತಿನ್ನುತ್ತದೆ. ಆಮೇಲೆ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಕಡೆಯಿಂದ ಜೇನು, ಬೆಲ್ಲ, ಒಣದ್ರಾಕ್ಷಿಯ ವಾಸನೆ ಎದ್ದು ಬರುತ್ತದೆ. ಇನ್ನೂ ಮುಂದೆ ಹೋದರೆ ಮಳೆಯಲ್ಲಿ ನೆಂದ ರಟ್ಟಿನ ಡಬ್ಬದ ವಾಸನೆ. ಹೊಂಬಣ್ಣ ತಾಮ್ರಕ್ಕೆ ತಿರುಗುತ್ತದೆ. ಮಬ್ಬಾಗಿರುವ ಹೇಜಿ ಐಪಿಎಗಳಲ್ಲಿ ಇದು ಇನ್ನೂ ಬೇಗ. ಮಾವಿನ ರಸದ ಬಣ್ಣದ್ದು ಬೂದು ಕಂದಾಗುತ್ತದೆ, ಕತ್ತರಿಸಿಟ್ಟ ಸೇಬು ಕಪ್ಪಾದ ಹಾಗೆ. ಕಹಿ ಮಾತ್ರ ಪೂರ್ತಿ ಹೋಗುವುದಿಲ್ಲ. ಅದರ ಮೊನೆ ಹೋಗಿ ಒರಟಾಗಿ, ನಾಲಿಗೆಯ ಮೇಲೆ ಎಳೆದಾಡುವಂತೆ ಉಳಿಯುತ್ತದೆ.

ಬಿಸಿ ಈ ಕೆಲಸವನ್ನು ಓಡಿಸುತ್ತದೆ. ಬ್ರೂವರಿಯವರು 3-30-300 ಅನ್ನುವ ಒಂದು ಲೆಕ್ಕ ಹೇಳುತ್ತಾರೆ. 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ. ಮೂರರಲ್ಲೂ ಬಿಯರ್‌ಗೆ ಆಗುವ ಮುಪ್ಪು ಹೆಚ್ಚುಕಡಿಮೆ ಒಂದೇ. ಇದು ಅಂದಾಜಿನ ಲೆಕ್ಕ, ಆದರೆ ದಾರಿ ತೋರಿಸುತ್ತದೆ. ಜುಲೈನಲ್ಲಿ ನಮ್ಮ ಸ್ಯಾಕ್ರಮೆಂಟೊ ಗ್ಯಾರೇಜು 38 ಡಿಗ್ರಿ ದಾಟುತ್ತದೆ. ಒಂದು ವಾರಾಂತ್ಯ ಕಾರಿನ ಡಿಕ್ಕಿಯಲ್ಲಿ ಮರೆತ ಸಿಕ್ಸ್ ಪ್ಯಾಕ್, ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಕಳೆದದ್ದಕ್ಕೆ ಸಮ.

ತಪ್ಪು ಯಾರದ್ದು ಅಂತ ತಿಳಿಯಲು ದಿನಾಂಕ ನೋಡಬೇಕು. ಸಾಮಾನ್ಯವಾಗಿ ಕ್ಯಾನಿನ ತಳದಲ್ಲಿ ಪ್ಯಾಕ್ ಮಾಡಿದ ದಿನ ಇರುತ್ತದೆ. ಕೆಲವರು ವರ್ಷದ ಎಷ್ಟನೇ ದಿನ ಅಂತ ಮೂರು ಅಂಕಿಯಲ್ಲಿ ಹಾಕುತ್ತಾರೆ. 045 ಅಂದರೆ ಫೆಬ್ರವರಿ 14. ಹಳೆಯ ದಿನಾಂಕವಿದ್ದರೆ ವಿಷಯ ಅಲ್ಲಿಗೇ ಮುಗಿಯಿತು, ವಯಸ್ಸಾಗಿದೆ. ದಿನಾಂಕ ಎರಡು ವಾರದ್ದು, ಆದರೂ ಬಣ್ಣ ಕಂದಾಗಿದೆ ಅಂದರೆ ಪ್ಯಾಕ್ ಮಾಡುವಾಗಲೇ ಗಾಳಿ ಒಳಗೆ ಹೋಗಿರಬಹುದು. ಒಳ್ಳೆಯ ಬ್ರೂವರಿಗಳು ಕ್ಯಾನಿನೊಳಗೆ ಕರಗಿದ ಆಮ್ಲಜನಕವನ್ನು ಶತಕೋಟಿಗೆ 50 ಭಾಗದೊಳಗೆ ಇಡಲು ಹೆಣಗುತ್ತವೆ. ಅದನ್ನು ಮೀರಿದರೆ ಬಿಯರ್ ಬೇಗ ಕೆಡುತ್ತದೆ. ಅದೇ ಬ್ಯಾಚಿನ ಇನ್ನೊಂದು ಕ್ಯಾನನ್ನು ಬೇರೆ ಅಂಗಡಿಯಿಂದ ತಂದು ನೋಡಿ. ಅದೂ ಹಾಗೇ ಇದ್ದರೆ ಬ್ರೂವರಿ ಕಡೆಯ ತಪ್ಪು. ಅದು ಚೆನ್ನಾಗಿದ್ದರೆ ಮೊದಲ ಅಂಗಡಿ ಇಟ್ಟ ರೀತಿಯ ತಪ್ಪು.

ಈ ದೋಷವನ್ನು ನಾಲಿಗೆಗೆ ಕಲಿಸುವ ಒಂದು ದಾರಿ ಇದೆ. ಇದನ್ನು ಎಲ್ಲರೂ ಒಮ್ಮೆ ಮಾಡಲೇಬೇಕು ಅಂತ ನನ್ನ ಆಸೆ. ತಾಜಾ ಐಪಿಎ ನಾಲ್ಕು ಕ್ಯಾನ್ ತನ್ನಿ. ಎರಡು ಫ್ರಿಜ್ಜಿನೊಳಗೆ, ಎರಡು ಫ್ರಿಜ್ಜಿನ ಮೇಲೆ. ಎರಡು ವಾರ ಬಿಡಿ. ಆಮೇಲೆ ನಾಲ್ಕನ್ನೂ ಒಂದೇ ತಂಪಿಗೆ ತಂದು, ಒಳಗಿನದು ಹೊರಗಿನದು ಪಕ್ಕಪಕ್ಕ ಸುರಿದು ಮೂಸಿ. ಯಾವ ಗ್ಲಾಸ್ ಯಾವುದು ಅಂತ ಬೇರೆಯವರು ಇಡಲಿ, ನಿಮಗೆ ಗೊತ್ತಾಗಬಾರದು. ಆ ವ್ಯತ್ಯಾಸ ಒಮ್ಮೆ ಮೂಗಿಗೆ ಹತ್ತಿದರೆ ಆಮೇಲೆ ಮರೆಯುವುದಿಲ್ಲ. ಇಲ್ಲದ್ದನ್ನು ಗುರುತಿಸಲು ಇದ್ದದ್ದರ ನೆನಪು ಬೇಕಲ್ವಾ?

ಕಹಿ, ಒಗರು, ಖಾರ: ಮೂರೂ ಬೇರೆ

"ತುಂಬಾ ಕಹಿ" ಅನ್ನುವ ದೂರಿನಲ್ಲಿ ಮೂರು ಬೇರೆ ಬೇರೆ ದೋಷ ಸೇರಿಕೊಂಡಿರುತ್ತವೆ. ಕನ್ನಡದಲ್ಲಿ ಬೆಳೆದವರಿಗೆ ಇವನ್ನು ಬೇರೆ ಮಾಡುವುದು ಕಷ್ಟವಿಲ್ಲ. ಒಗರು ಅನ್ನುವ ಮಾತು ನಮ್ಮ ಬಾಯಲ್ಲೇ ಇದೆ.

ಹಾಗಲಕಾಯಿಯ ಕಹಿ ನಾಲಿಗೆಯ ಮೇಲೆ ಕೂರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಹಾಪ್ಸನ್ನು ಕುದಿಸಿದಾಗ ಬರುವ ಕಹಿ ಈ ಜಾತಿಯದು. ಡಬಲ್ ಐಪಿಎಯಲ್ಲಿ ಇದು ಜೋರಾಗಿ ಇರಲೇಬೇಕು. ಇದು ದೋಷವಲ್ಲ. ಮಾಲ್ಟಿನ ಸಿಹಿ ಹಿಂದೆ ನಿಂತು ಇದನ್ನು ಹೊತ್ತುಕೊಂಡಿದೆಯಾ ಅಂತ ಮಾತ್ರ ನೋಡಿ.

ಬಾಳೆಕಾಯಿ ಕಚ್ಚಿದಾಗ, ಎಳೆ ಅಡಿಕೆ ಅಗಿದಾಗ ಕೆನ್ನೆಯ ಒಳಭಾಗ ಬಿಗಿದುಕೊಳ್ಳುತ್ತದಲ್ಲ, ಅದು ಒಗರು. ಬಿಯರ್‌ನಲ್ಲಿ ಇದು ಬಂದರೆ ಎರಡು ಕಡೆ ಅನುಮಾನ. ಮಾಲ್ಟಿನಿಂದ ರಸ ತೊಳೆದು ತೆಗೆಯುವಾಗ ನೀರು 77 ಡಿಗ್ರಿಗಿಂತ ಬಿಸಿ ಇದ್ದು, ಪಿಎಚ್ 6ರ ಮೇಲೆ ಹೋದರೆ ಹೊಟ್ಟಿನ ಒಗರು ಇಳಿಯುತ್ತದೆ. ಇದು ಎಷ್ಟು ದಿನ ಇಟ್ಟರೂ ಹೋಗುವುದಿಲ್ಲ. ಇನ್ನೊಂದು, ಹುದುಗಿದ ಮೇಲೆ ಹಾಪ್ಸನ್ನು ತಣ್ಣಗೇ ನೆನೆಹಾಕುವ ಡ್ರೈ ಹಾಪಿಂಗ್ ಅತಿಯಾದದ್ದು. ಆಗ ಹಾಪ್ಸಿನ ಪುಡಿ ಬಿಯರ್‌ನಲ್ಲೇ ತೇಲುತ್ತಿರುತ್ತದೆ. ಗೇರುಹಣ್ಣು ತಿಂದಾಗ ಗಂಟಲು ಹಿಡಿದ ಹಾಗೆ, ಹುಳಿ ಸಾಲದ ಕೆಸುವಿನ ಪಲ್ಯ ಕೆರೆದ ಹಾಗೆ ಆಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಹಾಪ್ ಬರ್ನ್ ಅನ್ನುತ್ತಾರೆ. ಇದಕ್ಕೆ ಮದ್ದಿದೆ. ಕ್ಯಾನನ್ನು ಅಲ್ಲಾಡಿಸದೆ ಫ್ರಿಜ್ಜಿನಲ್ಲಿ ನೆಟ್ಟಗೆ ಒಂದು ವಾರ ನಿಲ್ಲಿಸಿ. ಮೆಲ್ಲಗೆ ಸುರಿದು ಕೊನೆಯ ಎರಡು ಬೆರಳಿನಷ್ಟು ಬಿಡಿ. ಗಂಟಲು ಹಿಡಿಯುವುದು ಕಡಿಮೆಯಾದರೆ ನಿಮ್ಮ ಊಹೆ ಸರಿ. ತಾಜಾ ಅಂದರೆ ಪ್ಯಾಕ್ ಆದ ದಿನವೇ ಅಂತಲ್ಲ. ಈ ಒಂದು ವಿಷಯದಲ್ಲಿ ಸ್ವಲ್ಪ ಕಾಯುವುದೇ ಒಳ್ಳೆಯದು.

ಮೂರನೆಯದು ಖಾರ. ಗಂಟಲಿನಿಂದ ಎದೆಗೆ ಇಳಿಯುವ ಉರಿ, ಮೂಗಿನಲ್ಲಿ ನೇಲ್ ಪಾಲಿಶ್ ತೆಗೆಯುವ ದ್ರವದಂಥ ವಾಸನೆ. ಶೇ. 9ರ ಬಿಯರ್ ಸ್ವಲ್ಪ ಬೆಚ್ಚಗೆ ಅನ್ನಿಸುವುದು ಸಹಜ. ಆದರೆ ಉರಿಯಬಾರದು. ಉರಿದರೆ ಯೀಸ್ಟ್ ಕಷ್ಟಪಟ್ಟಿದೆ ಅಂತ ಅರ್ಥ. ಸಿಹಿ ಜಾಸ್ತಿ ಇರುವ ರಸಕ್ಕೆ ಯೀಸ್ಟ್ ಕಡಿಮೆ ಹಾಕಿ, ಹುದುಗುವಾಗ ಬಿಸಿ 18-20 ಡಿಗ್ರಿಯಲ್ಲಿ ನಿಲ್ಲಿಸದೆ ಏರಲು ಬಿಟ್ಟರೆ ಹೀಗಾಗುತ್ತದೆ. ಬೇಸಿಗೆಯಲ್ಲಿ ದೋಸೆಹಿಟ್ಟು ಒಂದೇ ರಾತ್ರಿಗೆ ಉಕ್ಕಿ ಹುಳಿ ಹೆಚ್ಚಾಗುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲ ಮೂರು ದಿನ ತಂಪು ಕಾಯಬೇಕು. ಆಮೇಲೆ ಸರಿಪಡಿಸಲು ಆಗುವುದಿಲ್ಲ.

ಇರಬಾರದ ವಾಸನೆಗಳು

ಸುಟ್ಟ ರಬ್ಬರಿನಂಥ ನಾತ ಬಂದರೆ ಬೆಳಕು ಕಾರಣ. ಹಾಪ್ಸಿನ ಕಹಿಯಂಶ ಮತ್ತು ಬಿಯರ್‌ನಲ್ಲಿರುವ ರೈಬೋಫ್ಲಾವಿನ್ ಎಂಬ ವಿಟಮಿನ್ ಬಿಸಿಲಿಗೆ ಸಿಕ್ಕರೆ ಗಂಧಕದ ಒಂದು ಸಂಯುಕ್ತ ಹುಟ್ಟುತ್ತದೆ. ಇಲ್ಲಿನ ಸ್ಕಂಕ್ ಎಂಬ ಪ್ರಾಣಿ ಸಿಡಿಸುವ ನಾತಕ್ಕೆ ಅದು ಹತ್ತಿರದ ನೆಂಟ. ಕಂದು ಬಾಟಲಿ ಬಹಳಷ್ಟು ತಡೆಯುತ್ತದೆ, ಹಸಿರು ಮತ್ತು ಬಿಳಿ ಬಾಟಲಿ ತಡೆಯುವುದಿಲ್ಲ. ಕ್ಯಾನ್ ಪೂರ್ತಿ ತಡೆಯುತ್ತದೆ. ಆದರೆ ಗ್ಲಾಸಿಗೆ ಸುರಿದು ಟೆರೇಸಿನ ಬಿಸಿಲಲ್ಲಿ ಇಟ್ಟರೆ ಕೆಲವೇ ನಿಮಿಷ ಸಾಕು. ಒಳಗೆ ಕೂತು ಇನ್ನೊಂದು ಸುರಿದು ನೋಡಿ. ನಾತ ಇಲ್ಲದಿದ್ದರೆ ತಪ್ಪು ನೀವು ಕೂತ ಜಾಗದ್ದು.

ಈರುಳ್ಳಿ, ಬೆಳ್ಳುಳ್ಳಿ ವಾಸನೆಯನ್ನು ಇದರ ಜೊತೆ ಕಲಸಬೇಡಿ. ಸಮಿಟ್‌ನಂಥ ಕೆಲವು ಹಾಪ್ಸ್ ತಳಿಗಳಲ್ಲಿ ಅದು ಹುಟ್ಟುಗುಣ. ನನಗೆ ಇಷ್ಟವಿಲ್ಲ, ಆದರೆ ಅದನ್ನು ದೋಷ ಅನ್ನಲಾರೆ. ಬೆವರಿದ ಕಾಲುಚೀಲ, ಹಳೇ ಚೀಸ್ ವಾಸನೆ ಬೇರೆ. ಅದು ಹಾಪ್ಸನ್ನು ಗಾಳಿಗೆ, ಬಿಸಿಗೆ ಬಿಟ್ಟು ಹಳೆಯದಾಗಿಸಿದ್ದರ ಗುರುತು. ಹಾಪ್ಸಿನ ಗುಳಿಗೆಗಳು ಗಾಳಿ ತೆಗೆದ ಫಾಯಿಲ್ ಪ್ಯಾಕಿನಲ್ಲಿ ಫ್ರೀಜರಿನಲ್ಲಿ ಇರಬೇಕು. ತೆರೆದ ಪ್ಯಾಕಿಗೆ ರಬ್ಬರ್‌ಬ್ಯಾಂಡ್ ಹಾಕಿಟ್ಟರೆ ಸಾಲದು.

ಹಸಿರು ಸೇಬಿನ ವಾಸನೆ ಬಂದರೆ ಬಿಯರ್ ಅವಸರದಲ್ಲಿ ಹೊರಬಂದಿದೆ. ಬೇಯಿಸಿದ ಜೋಳದ ವಾಸನೆ ಬಂದರೆ ಕುದಿ ಸಾಲದಾಗಿದೆ. ಬ್ಯಾಂಡೇಜ್ ಪಟ್ಟಿ, ಆಸ್ಪತ್ರೆ ವಾಸನೆ ಬಂದರೆ ನೀರಿನ ಕ್ಲೋರಿನ್ ಮೇಲೆ ಅನುಮಾನಪಡಿ. ಮುನಿಸಿಪಾಲಿಟಿ ನೀರನ್ನು ಇಂಗಾಲದ ಫಿಲ್ಟರಿಗೆ ಹಾಕದೆ ಬಳಸಿದರೆ ಹೀಗಾಗುತ್ತದೆ. ಕಬ್ಬಿಣದ ವಾಸನೆಗೆ ಒಂದು ಸೊಗಸಾದ ಪರೀಕ್ಷೆ ಇದೆ. ಒಂದು ತೊಟ್ಟು ಬಿಯರನ್ನು ಮುಂಗೈ ಹಿಂಬದಿಗೆ ಉಜ್ಜಿ ಮೂಸಿ. ಕಬ್ಬಿಣವಿದ್ದರೆ ಚರ್ಮದ ಜಿಡ್ಡಿನ ಜೊತೆ ಸೇರಿ, ಬಸ್ಸಿನ ಕಂಬಿ ಹಿಡಿದ ಕೈಯ ವಾಸನೆ ಎದ್ದು ಬರುತ್ತದೆ.

ಬೆಣ್ಣೆ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹಾಪ್ಸ್ ಜಾಸ್ತಿ ಹಾಕಿದ ಬಿಯರ್‌ಗೆ ಇದು ವಿಶೇಷ ಕಾಟ. ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್ ವಾಸನೆ, ನಾಲಿಗೆಯ ಮೇಲೆ ಜಾರುವ ಜಿಡ್ಡು. ಹೆಸರು ಡೈಅಸಿಟೈಲ್. ಯೀಸ್ಟ್ ಹುದುಗುವಾಗ ಇದರ ಕಚ್ಚಾಪದಾರ್ಥವನ್ನು ಹೊರಗೆ ಬಿಡುತ್ತದೆ, ಅದು ತಾನಾಗಿ ಬೆಣ್ಣೆಯಾಗುತ್ತದೆ, ಯೀಸ್ಟೇ ಮತ್ತೆ ಅದನ್ನು ತಿಂದು ಮುಗಿಸುತ್ತದೆ. ಸಮಯ ಕೊಟ್ಟರೆ ತೊಂದರೆ ಇಲ್ಲ. ಆದರೆ ಡ್ರೈ ಹಾಪಿಂಗ್ ಮಾಡಿದಾಗ ಒಂದು ತಿರುವು. ಹಾಪ್ಸ್ ಹೂವಿನಲ್ಲೇ ಕಿಣ್ವಗಳಿವೆ. ಯೀಸ್ಟ್ ತಿನ್ನಲಾಗದೆ ಬಿಟ್ಟಿದ್ದ ಪಿಷ್ಟದ ತುಣುಕುಗಳನ್ನು ಅವು ಕತ್ತರಿಸಿ ಸಕ್ಕರೆ ಮಾಡಿಕೊಡುತ್ತವೆ. ಮುಗಿಯಿತು ಅಂದುಕೊಂಡ ಹುದುಗು ಮತ್ತೆ ಶುರು. ಬೆಣ್ಣೆಯೂ ಮತ್ತೆ ಶುರು. ಇಂಗ್ಲೆಂಡಿನಲ್ಲಿ ಬ್ರೌನ್ ಮತ್ತು ಮಾರಿಸ್ ಎಂಬ ಇಬ್ಬರು 1893ರಲ್ಲೇ ಇದನ್ನು ಬರೆದಿದ್ದರು. ಈಗಿನ ಬ್ರೂವರಿಗಳು ಹಾಪ್ಸ್ ಪ್ರಮಾಣ ಏರಿಸಿದ ಮೇಲೆ ಇದು ಮತ್ತೆ ದೊಡ್ಡ ಸುದ್ದಿಯಾಯಿತು. ಹಾಪ್ ಕ್ರೀಪ್ ಅಂತ ಕರೆಯುತ್ತಾರೆ.

ಕ್ಯಾನ್ ತೆರೆದ ತಕ್ಷಣ ನೊರೆ ಉಕ್ಕಿ ಹರಿದು, ಜೊತೆಗೆ ಬೆಣ್ಣೆ ವಾಸನೆಯೂ ಇದ್ದರೆ, ಸಾಮಾನ್ಯವಾಗಿ ಇದೇ ಕಾರಣ. ಹುದುಗು ಕ್ಯಾನಿನೊಳಗೆ ನಡೆದಿದೆ. ಉಕ್ಕದೆ ಬೆಣ್ಣೆ ವಾಸನೆ ಇದ್ದು, ಅದು ಪಬ್ಬಿನ ನಲ್ಲಿಯಿಂದ ಬಂದದ್ದಾದರೆ, ಪೈಪಿನಲ್ಲಿ ಬ್ಯಾಕ್ಟೀರಿಯಾ ಕೂತಿರಬಹುದು. ಆಗ ಬೆಣ್ಣೆಯ ಜೊತೆ ಮಜ್ಜಿಗೆ ಹುಳಿಯೂ ಇರುತ್ತದೆ.

ಒಂದು ಮಾತು. ಬೆಣ್ಣೆ ವಾಸನೆ ಎಲ್ಲರ ಮೂಗಿಗೂ ಒಂದೇ ಥರ ಸಿಗುವುದಿಲ್ಲ. ಕೆಲವರಿಗೆ ಹತ್ತುವುದೇ ಇಲ್ಲ. ನನ್ನ ಹೆಂಡತಿ ಬಿಯರ್ ಕುಡಿಯುವುದಿಲ್ಲ, ಆದರೆ ಮೂಸಿ ಹೇಳುತ್ತಾಳೆ. ಅವಳ ಮೂಗು ನನ್ನದಕ್ಕಿಂತ ಚುರುಕು. ಹಾಗಾಗಿ ಒಬ್ಬರೇ ತೀರ್ಪು ಕೊಡಬೇಡಿ. ಇಬ್ಬರು ಬೇರೆಬೇರೆ ಮೂಸಿ, ಚೀಟಿಯಲ್ಲಿ ಬರೆದು, ಆಮೇಲೆ ಮಾತಾಡಿ.

ಬೆಂಗಳೂರಿನ ಬ್ರೂಪಬ್ಬಿನಲ್ಲಿ ಕೂತಿದ್ದರೆ

ಅಲ್ಲಿ ಲೆಕ್ಕ ಬೇರೆ. ಬಿಯರ್ ಅಲ್ಲೇ ಆಗಿ ಅಲ್ಲೇ ಗ್ಲಾಸಿಗೆ ಬರುತ್ತದೆ. ತಿಂಗಳುಗಟ್ಟಲೆ ಶೆಲ್ಫಿನಲ್ಲಿ ಕೂರುವ ತೊಂದರೆ ಇಲ್ಲ. ಈ ಅನುಕೂಲ ಕ್ಯಾಲಿಫೋರ್ನಿಯಾದ ಎಷ್ಟೋ ಅಂಗಡಿಗಳಿಗಿಲ್ಲ. ಹಾಗಾಗಿ ಅಲ್ಲಿ ನಾನು ಮುಪ್ಪಿನ ಬದಲು ಅವಸರವನ್ನು ಹುಡುಕುತ್ತೇನೆ. ವಾರಾಂತ್ಯದ ಜನಕ್ಕೆ ಟ್ಯಾಂಕ್ ಖಾಲಿ ಮಾಡಬೇಕಾದಾಗ ಹಸಿರು ಸೇಬು ಅಥವಾ ಬೆಣ್ಣೆ ಉಳಿದುಬಿಡಬಹುದು. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೋರ್‌ವೆಲ್ ನೀರು ಗಡುಸು. ಎರಡನ್ನೂ ಸರಿಮಾಡಿಕೊಳ್ಳದೆ ಐಪಿಎ ಮಾಡಿದರೆ ಕಹಿ ಒರಟಾಗುತ್ತದೆ. ಘಮದ ಹಾಪ್ಸ್ ಹೆಚ್ಚಾಗಿ ಹೊರದೇಶದಿಂದ ಬರುತ್ತದೆ. ದಾರಿಯಲ್ಲಿ ತಂಪು ತಪ್ಪಿದ್ದರೆ ಹೊಸ ಬಿಯರ್‌ನಲ್ಲೂ ಹಳೆಯ ವಾಸನೆ.

ದೂರು ಹೇಳುವ ಮೊದಲು ಎರಡು ಕೆಲಸ ಮಾಡಿ. ಅದೇ ಬಿಯರ್‌ನ ಸಣ್ಣ ಟೇಸ್ಟರನ್ನು ಶುಚಿಯಾದ ಬೇರೆ ಗ್ಲಾಸಿನಲ್ಲಿ ಕೇಳಿ. ಆಮೇಲೆ ಪಕ್ಕದ ನಲ್ಲಿಯ ಗೋಧಿ ಬಿಯರನ್ನೋ ಲಾಗರನ್ನೋ ಒಂದು ಗುಟುಕು ಕೇಳಿ. ಎಲ್ಲದರಲ್ಲೂ ಹುಳಿಯ ಎಳೆ ಇದ್ದರೆ ಪೈಪು ಅಥವಾ ಗ್ಲಾಸ್. ಐಪಿಎಯಲ್ಲಿ ಮಾತ್ರ ಇದ್ದರೆ ಆ ಬ್ಯಾಚ್, ಇಲ್ಲವೇ ಆ ಒಂದು ನಲ್ಲಿಯ ಪೈಪು. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಪೈಪನ್ನು 14 ದಿನಕ್ಕೊಮ್ಮೆ ತೊಳೆಯಲು ಹೇಳುತ್ತದೆ. "ಈ ಬ್ಯಾಚ್ ಯಾವತ್ತು ನಲ್ಲಿಗೆ ಹಾಕಿದ್ದು ಸರ್? ಲೈನ್ ಯಾವಾಗ ತೊಳೆದಿದ್ದು?" ಅಂತ ಸಮಾಧಾನವಾಗಿ ಕೇಳಿ. ಬ್ರೂ ಮಾಡುವವರು ಬಿಡುವಿದ್ದರೆ ತಾವೇ ಬಂದು ಮಾತಾಡುತ್ತಾರೆ. ಅವರಿಗೆ "ಚೆನ್ನಾಗಿಲ್ಲ" ಅನ್ನುವ ಮಾತು ಉಪಯೋಗಕ್ಕೆ ಬರುವುದಿಲ್ಲ. "ಮೊದಲ ಮೂಸಿಗೆ ಕಿತ್ತಳೆ ಇತ್ತು, ಬೆಚ್ಚಗಾದ ಮೇಲೆ ಬೆಣ್ಣೆ ಬಂತು" ಅಂದರೆ ಅವರು ನೇರವಾಗಿ ಟ್ಯಾಂಕಿನ ಹತ್ತಿರ ಹೋಗುತ್ತಾರೆ.

ನೀವೇ ಮಾಡುವವರಾದರೆ, ಕೊನೆಯ ಒಂದು ಪರೀಕ್ಷೆ

ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡಲು ಕೇಂದ್ರ ಕಾನೂನು 1979ರಿಂದ ಬಿಟ್ಟಿದೆ. ನಾನು ವರ್ಷಕ್ಕೆ ನಾಲ್ಕೈದು ಸಲ ಮಾಡುತ್ತೇನೆ. ಹೋದ ತಿಂಗಳ ಡಬಲ್ ಐಪಿಎಯಲ್ಲಿ ಹುದುಗು ನಿಂತು, ಸಾಂದ್ರತೆ ಅಳೆದು ಎಷ್ಟು ಸಕ್ಕರೆ ಉಳಿದಿದೆ ಅಂತ ಸುಳಿವು ಕೊಡುವ ಹೈಡ್ರೋಮೀಟರ್ 1.014 ತೋರಿಸುತ್ತಿತ್ತು. ಸಿಟ್ರಾ ಮತ್ತು ಸಿಮ್ಕೋ ಹಾಪ್ಸ್ ಹಾಕಿದೆ. ನಾಲ್ಕು ದಿನದಲ್ಲಿ ಅದು 1.011ಕ್ಕೆ ಇಳಿಯಿತು. ಕಿಣ್ವಗಳು ಕೆಲಸ ಮಾಡುತ್ತಿವೆ ಅಂತ ಅಲ್ಲೇ ಗೊತ್ತಾಯಿತು.

ಎರಡು ಚಿಕ್ಕ ಜಾಡಿಗೆ ಬಿಯರ್ ತೆಗೆದು ಮುಚ್ಚಿದೆ. ಒಂದನ್ನು 65 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆ ಕೂರಿಸಿದೆ. ಇನ್ನೊಂದನ್ನು ಹಾಗೇ ಬಿಟ್ಟೆ. ಬಿಸಿ ಮಾಡಿದರೆ ಕಚ್ಚಾಪದಾರ್ಥವೆಲ್ಲ ಬೆಣ್ಣೆಯಾಗಿ ಹೊರಬೀಳುತ್ತದೆ. ಮುಂದೆ ಕ್ಯಾನಿನಲ್ಲಿ ಆಗಬಹುದಾದದ್ದನ್ನು ಇವತ್ತೇ ನೋಡಿದಂತೆ. ಎರಡನ್ನೂ ಒಂದೇ ತಂಪಿಗೆ ತಂದು ಹೆಂಡತಿಯ ಮುಂದೆ ಇಟ್ಟೆ. ಹಾಗೇ ಬಿಟ್ಟದ್ದರಲ್ಲಿ ಬರೀ ಹಣ್ಣು. ಬಿಸಿ ಮಾಡಿದ್ದನ್ನು ಮೂಸಿ "ಪಾಪ್‌ಕಾರ್ನ್" ಅಂದಳು.

ಹಾಗಾಗಿ ತಣ್ಣಗೆ ಮಾಡಲಿಲ್ಲ. ತಣ್ಣಗೆ ಮಾಡಿದ್ದರೆ ಯೀಸ್ಟ್ ಮಲಗಿಬಿಡುತ್ತಿತ್ತು, ಬೆಣ್ಣೆ ಒಳಗೇ ಉಳಿಯುತ್ತಿತ್ತು. 20 ಡಿಗ್ರಿಯಲ್ಲೇ ಇನ್ನೂ ಐದು ದಿನ ಬಿಟ್ಟೆ. ಹೈಡ್ರೋಮೀಟರ್ 1.009ಕ್ಕೆ ಬಂದು ಮೂರು ದಿನ ಅಲ್ಲೇ ನಿಂತಿತು. ಮತ್ತೆ ಎರಡು ಜಾಡಿ, ಮತ್ತೆ ಬಿಸಿನೀರು. ಈ ಸಲ ಎರಡನ್ನೂ ಎರಡೆರಡು ಬಾರಿ ಮೂಸಿ, ಯಾವುದು ಬಿಸಿ ಮಾಡಿದ್ದು ಅಂತ ಅವಳಿಗೇ ಹೇಳಲಾಗಲಿಲ್ಲ. ಅವತ್ತು ರಾತ್ರಿ ಫ್ರಿಜ್ಜಿನ ಗುಂಡಿಯನ್ನು 2 ಡಿಗ್ರಿಗೆ ತಿರುಗಿಸಿದೆ.